ಹತ್ತು ವರ್ಷ ಎಚ್ಚರವಿರಬೇಕಾದ ಅಲಾರಾಂ

ಲಂಡನ್ ನಗರದ ಒಳಭಾಗದಲ್ಲಿ ಕ್ಯಾಮ್ಡೆನ್, ಇಸ್ಲಿಂಗ್ಟನ್ ಎಂಬ ಎರಡು ಪ್ರದೇಶಗಳಿವೆ. ತೊಂಬತ್ತರ ದಶಕದಲ್ಲಿ ಅಲ್ಲಿನ ಬಡ ವಾರ್ಡುಗಳ ಮನೆಗಳಿಗೆ 20,050 ಸ್ಮೋಕ್ ಅಲಾರಾಂಗಳನ್ನು ಉಚಿತವಾಗಿ ಹಂಚಿದರು. ಜೊತೆಗೆ ಕೂರಿಸಲು ಬೇಕಾದ ಸಾಮಾನು ಕೊಟ್ಟರು, ತಿಳಿವಳಿಕೆಯ ಪುಸ್ತಿಕೆಯನ್ನೂ ಕೊಟ್ಟರು. ಕೇಳಿದವರಿಗೆ ಚಾವಣಿಗೆ ಕೂರಿಸಿಯೂ ಕೊಟ್ಟರು. ಇದು ಬರೀ ದಾನವಾಗಿರಲಿಲ್ಲ, ಒಂದು ಪ್ರಯೋಗವೂ ಆಗಿತ್ತು. 40 ವಾರ್ಡುಗಳನ್ನು ಆರಿಸಿಕೊಂಡು, ಅರ್ಧ ವಾರ್ಡುಗಳಲ್ಲಿ ಹಂಚಿ, ಉಳಿದರ್ಧದಲ್ಲಿ ಹಂಚದೆ, ಎರಡೂ ಕಡೆ ಬೆಂಕಿಯಿಂದ ಎಷ್ಟು ಜನ ಆಸ್ಪತ್ರೆ ಸೇರುತ್ತಾರೆ, ಎಷ್ಟು ಜನ ಸಾಯುತ್ತಾರೆ ಎಂದು ಲೆಕ್ಕ ಇಟ್ಟರು. ಫಲಿತಾಂಶ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು. ಅಲಾರಾಂ ಪಡೆದ ವಾರ್ಡುಗಳಿಗೂ ಪಡೆಯದ ವಾರ್ಡುಗಳಿಗೂ ವ್ಯತ್ಯಾಸವೇ ಕಾಣಲಿಲ್ಲ. ಗಾಯಗೊಂಡವರ ಸಂಖ್ಯೆ ಇಳಿದಿರಲಿಲ್ಲ.

ಏಕೆ ಹೀಗಾಯಿತು? ಸಂಶೋಧಕರು ಕಾರಣವನ್ನು ಮುಚ್ಚಿಡದೆ ಬರೆದರು. ಹಂಚಿದ ಅಲಾರಾಂಗಳಲ್ಲಿ ಚಾವಣಿ ಹತ್ತಿದ್ದೇ ಕಡಿಮೆ, ಹತ್ತಿದವನ್ನು ನೋಡಿಕೊಂಡವರು ಇನ್ನೂ ಕಡಿಮೆ.

ಇಂದಿನ ಮಾತಿಗೆ ನಾನು ಈ ಸೋಲನ್ನೇ ಬುನಾದಿ ಮಾಡಿಕೊಂಡಿದ್ದೇನೆ. ಮನೆಗಳನ್ನು ಬೆಂಕಿಯಿಂದ ಕಾಪಾಡುವ ಕಾರ್ಯಕ್ರಮಗಳು ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ದಶಕಗಳಿಂದ ನಡೆಯುತ್ತಿವೆ. ಅಗ್ನಿಶಾಮಕ ದಳ, ರೆಡ್‌ಕ್ರಾಸ್, ನಗರಸಭೆ, ಸೇವಾ ಸಂಘ ಹೀಗೆ ಯಾರೋ ಒಬ್ಬರು ಸಾವಿರಾರು ಅಲಾರಾಂ ಕೊಂಡು ಮನೆಮನೆಗೆ ಕೊಡುತ್ತಾರೆ. ಕೊಳ್ಳುವಾಗ ಅವರ ಕಣ್ಣು ಬೆಲೆಯ ಮೇಲೆ ಇರುತ್ತದೆ. ಒಂದು ರೂಪಾಯಿ ಕಡಿಮೆಯಾದರೆ ಇನ್ನೂ ನಾಲ್ಕು ಮನೆಗೆ ತಲುಪಿಸಬಹುದಲ್ಲ ಎಂಬ ಲೆಕ್ಕ. ಒಳ್ಳೆಯ ಮನಸ್ಸಿನ ಲೆಕ್ಕವೇ ಅದು, ಆದರೆ ತಪ್ಪು ಲೆಕ್ಕ. ಎಂಟು ವರ್ಷ ಕಳೆದ ಮೇಲೆ, ನಡುರಾತ್ರಿ ಸೋಫಾದಲ್ಲಿ ಕಿಡಿ ಹೊತ್ತಿದಾಗ ಆ ಚಾವಣಿಯ ಮೇಲಿನ ಪೆಟ್ಟಿಗೆ ಕೂಗುತ್ತದೆಯೇ, ಇಲ್ಲವೇ? ಕೊಳ್ಳುವವರು ಕೇಳಿಕೊಳ್ಳಬೇಕಾದದ್ದು ಇದನ್ನು.

ಲಂಡನ್ನಿನ ಕಥೆಗೆ ಎದುರಾಗಿ ಇನ್ನೊಂದು ಊರಿನ ಕಥೆ ಇದೆ. ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ 1987ರಿಂದ 1990ರವರೆಗೆ ಮನೆ ಬೆಂಕಿಯಲ್ಲಿ ಗಾಯಗೊಂಡವರು ಎಲ್ಲೆಲ್ಲಿಯವರು ಎಂದು ಸ್ಯೂ ಮ್ಯಾಲೊನಿ ಮತ್ತು ಜೊತೆಗಾರರು ದಾಖಲೆ ಮಾಡುತ್ತಾ ಹೋದರು. ಊರಿನ ಒಂದು ಭಾಗದಲ್ಲಿ, ಸುಮಾರು 24 ಚದರ ಮೈಲಿಯ ಪ್ರದೇಶದಲ್ಲಿ, ಗಾಯದ ಪ್ರಮಾಣ ಉಳಿದ ಊರಿಗಿಂತ ನಾಲ್ಕು ಪಟ್ಟು ಹೆಚ್ಚಿತ್ತು. ಅಲ್ಲಿ 9,291 ಮನೆಗಳಿಗೆ 10,100 ಅಲಾರಾಂ ಕೊಟ್ಟರು. ಮುಂದಿನ ನಾಲ್ಕು ವರ್ಷಗಳಲ್ಲಿ ಆ ಪ್ರದೇಶದ ಗಾಯದ ಪ್ರಮಾಣ ಶೇಕಡಾ 80ರಷ್ಟು ಇಳಿಯಿತು. 1996ರಲ್ಲಿ ಈ ವರದಿ ಪ್ರಕಟವಾದಾಗ ಊರೂರಿನವರು ಇದೇ ದಾರಿ ಹಿಡಿದರು. ಆದರೆ ಅದೇ ವರದಿಯ ಇನ್ನೊಂದು ಸಂಖ್ಯೆಯನ್ನು ಹಲವರು ಓದಿ ಮುಂದೆ ಹೋದರು. ನಾಲ್ಕು ವರ್ಷದ ನಂತರ ಪರೀಕ್ಷಿಸಿದಾಗ ಕೊಟ್ಟ ಅಲಾರಾಂಗಳಲ್ಲಿ ಕೆಲಸ ಮಾಡುತ್ತಿದ್ದದ್ದು ಶೇಕಡಾ 45 ಮಾತ್ರ. ಗೆದ್ದ ಊರಿನಲ್ಲೂ ಅರ್ಧಕ್ಕಿಂತ ಹೆಚ್ಚು ಅಲಾರಾಂಗಳು ನಾಲ್ಕೇ ವರ್ಷದಲ್ಲಿ ಮೂಕವಾಗಿದ್ದವು.

ಹಾಗಾದರೆ ಯಾವ ಬಗೆಯ ಅಲಾರಾಂ ಕೊಟ್ಟರೆ ಹೆಚ್ಚು ಕಾಲ ಉಳಿಯುತ್ತದೆ? ಲಂಡನ್ನಿನವರೇ ಇದನ್ನೂ ಪರೀಕ್ಷಿಸಿದರು. ನಗರಸಭೆಯ ವಸತಿ ಸಂಕೀರ್ಣಗಳ 2,145 ಮನೆಗಳಿಗೆ ಈ ಸಲ ತಾವೇ ಹೋಗಿ ಕೂರಿಸಿ ಬಂದರು. ಐದು ಬಗೆ ಇದ್ದವು. ಕೆಲವಕ್ಕೆ ಸಾಮಾನ್ಯ ಸತುವಿನ ಬ್ಯಾಟರಿ, ಕೆಲವಕ್ಕೆ ದೀರ್ಘ ಬಾಳಿಕೆಯ ಲಿಥಿಯಂ ಬ್ಯಾಟರಿ. ಕೆಲವಕ್ಕೆ ಒತ್ತಿದರೆ ಸ್ವಲ್ಪ ಹೊತ್ತು ಸುಮ್ಮನಾಗುವ ಗುಂಡಿ ಇತ್ತು, ಕೆಲವಕ್ಕೆ ಇರಲಿಲ್ಲ. 15 ತಿಂಗಳ ನಂತರ ಬಾಗಿಲು ತಟ್ಟಿ ನೋಡಿದರೆ, ಕೆಲಸ ಮಾಡುವ ಅಲಾರಾಂ ಇದ್ದದ್ದು ಶೇಕಡಾ 54 ಮನೆಗಳಲ್ಲಿ. ಯಾರಾದರೂ ಸಿಗರೇಟು ಸೇದುವ ಮನೆಗಳಲ್ಲಿ ಅದೂ ಇಲ್ಲ, ಶೇಕಡಾ 46. ಕೆಟ್ಟದ್ದರ ಕಾರಣ ನೋಡಿ: ಹೆಚ್ಚು ಕಡೆ ಬ್ಯಾಟರಿಯೇ ಇರಲಿಲ್ಲ, ಆಮೇಲಿನ ಸ್ಥಾನ ಅಲಾರಾಂ ಪೆಟ್ಟಿಗೆಯೇ ಮಾಯವಾದದ್ದಕ್ಕೆ. ಕೆಲವು ಕಡೆ ಬ್ಯಾಟರಿಯ ತಂತಿ ಕಿತ್ತಿತ್ತು. ಯಂತ್ರ ತಾನಾಗಿ ಹಾಳಾದದ್ದಕ್ಕಿಂತ ಮನುಷ್ಯರ ಕೈ ಅದನ್ನು ನಿಲ್ಲಿಸಿದ್ದೇ ಹೆಚ್ಚು. ಲಿಥಿಯಂ ಬ್ಯಾಟರಿ ಇದ್ದ ಅಲಾರಾಂಗಳು ಉಳಿದುಕೊಂಡ ಸಾಧ್ಯತೆ ಮಾತ್ರ ಉಳಿದವಕ್ಕಿಂತ ಸುಮಾರು ಎರಡು ಪಟ್ಟು.

ಜನ ಏಕೆ ಬ್ಯಾಟರಿ ಕೀಳುತ್ತಾರೆ ಎಂಬುದನ್ನು ಬೈಯದೆ ಅರ್ಥ ಮಾಡಿಕೊಳ್ಳಬೇಕು. ಬ್ಯಾಟರಿಯ ಬಲ ಕುಗ್ಗಿದಾಗ ಅಲಾರಾಂ ನಿಮಿಷಕ್ಕೊಮ್ಮೆ ಸಣ್ಣಗೆ ಕೀಚ್ ಎನ್ನುತ್ತದೆ. ಬಹಳಷ್ಟು ಸಲ ಇದು ಶುರುವಾಗುವುದು ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ. ಅದು ದುರಾದೃಷ್ಟವಲ್ಲ, ರಸಾಯನಶಾಸ್ತ್ರ. ಮನೆ ತಣ್ಣಗಾಗುವ ಹೊತ್ತಿನಲ್ಲಿ ಬ್ಯಾಟರಿಯ ವೋಲ್ಟೇಜು ಇನ್ನೊಂದಿಷ್ಟು ಇಳಿಯುತ್ತದೆ, ಎಚ್ಚರಿಕೆಯ ಗೆರೆ ದಾಟುತ್ತದೆ. ಹಾಲುಗೂಸಿರುವ ಮನೆ, ಬೆಳಗ್ಗೆ ಐದಕ್ಕೆ ಕೆಲಸಕ್ಕೆ ಹೊರಡುವವರ ಮನೆ, ಕುರ್ಚಿ ಹತ್ತಲಾಗದ ಮುದುಕರ ಮನೆ. ಆ ಹೊತ್ತಿನಲ್ಲಿ ಒಂಬತ್ತು ವೋಲ್ಟಿನ ಬ್ಯಾಟರಿ ಯಾರ ಮನೆಯಲ್ಲಿರುತ್ತದೆ? ಯಾರೋ ಪೊರಕೆ ಹಿಡಿಯಿಂದ ಪೆಟ್ಟಿಗೆಯನ್ನು ಕೆಡವುತ್ತಾರೆ, ಬ್ಯಾಟರಿ ಕಿತ್ತು ಡ್ರಾಯರಿಗೆ ಹಾಕುತ್ತಾರೆ. ನಾಳೆ ತರೋಣ ಎಂದುಕೊಳ್ಳುತ್ತಾರೆ. ಆ ನಾಳೆ ಬರುವುದಿಲ್ಲ. ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಸ್ಥೆಯ ವರದಿಗಳು ವರ್ಷದಿಂದ ವರ್ಷಕ್ಕೆ ಇದನ್ನೇ ಹೇಳುತ್ತಿವೆ. ಅಲ್ಲಿ ಮನೆ ಬೆಂಕಿಯಲ್ಲಿ ಸಾಯುವ ಐವರಲ್ಲಿ ಸುಮಾರು ಮೂವರು ಅಲಾರಾಂ ಇಲ್ಲದ ಅಥವಾ ಕೆಲಸ ಮಾಡದ ಮನೆಯವರು. ಅಲಾರಾಂ ಇದ್ದೂ ಕೂಗದಿದ್ದ ಪ್ರಸಂಗಗಳಲ್ಲಿ ಅರ್ಧದಷ್ಟಕ್ಕೆ ಕಾರಣ, ಬ್ಯಾಟರಿ ಕಿತ್ತಿರುವುದು ಅಥವಾ ಸಂಪರ್ಕ ತಪ್ಪಿಸಿರುವುದು.

ಆದ್ದರಿಂದ ನನ್ನ ಮಾತು ಇಷ್ಟು: ಕಾರ್ಯಕ್ರಮಕ್ಕೆ ಅಲಾರಾಂ ಆರಿಸುವವರು ಹೊಗೆಯ ಬಗ್ಗೆ ಯೋಚಿಸುವಷ್ಟೇ ಆ ಮನೆಯವರ ರಾತ್ರಿಯ ಬಗ್ಗೆಯೂ ಯೋಚಿಸಬೇಕು. ಅವರಿಗೆ ಅದನ್ನು ಕೀಳಲು ಕಾರಣವೇ ಸಿಗದಂತೆ ಆರಿಸಬೇಕು.

ಮೊದಲ ಹೆಜ್ಜೆ ಮುಚ್ಚಿದ ಬ್ಯಾಟರಿ. ಇಂಥ ಒಂದು ಅಲಾರಾಂ ಅನ್ನು ಅವಧಿ ಮುಗಿದ ಮೇಲೆ ಬಿಚ್ಚಿ ಮೇಜಿನ ಮೇಲಿಟ್ಟು ನೋಡಿದ್ದೇನೆ. ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಬಿಲ್ಲೆ. ಹಿಂಬದಿಯಲ್ಲಿ ಬ್ಯಾಟರಿಯ ಬಾಗಿಲೇ ಇಲ್ಲ. ಒಳಗೆ ಹಸಿರು ಸರ್ಕ್ಯೂಟ್ ಹಲಗೆ, ಅದಕ್ಕೆ ಲೋಹದ ಪಟ್ಟಿಯಿಂದ ಬೆಸೆದ, ಹೆಬ್ಬೆರಳು ಗಾತ್ರದ ಲಿಥಿಯಂ ಸೆಲ್. ಪಕ್ಕದಲ್ಲಿ ಕೂಗುವ ತಗಡಿನ ಬಿಲ್ಲೆ. ನಡುವೆ ಕಪ್ಪು ಬಣ್ಣದ ಒಂದು ಗೂಡು, ಅದರ ಸುತ್ತ ಸೊಳ್ಳೆಯೂ ನುಗ್ಗದಷ್ಟು ಸಣ್ಣ ಕಣ್ಣಿನ ಬಲೆ. ಹೊಗೆ ಹೋಗಬೇಕಾದದ್ದು ಆ ಗೂಡಿನೊಳಗೆ. ಬಲೆ ಮುಖ್ಯ, ಏಕೆಂದರೆ ಒಂದು ಸಣ್ಣ ಹುಳ ಒಳಗೆ ಹರಿದರೂ ಅಲಾರಾಂ ಹೊಗೆ ಎಂದು ಕೂಗಬಹುದು. ಹಾಗೆ ಎರಡು ರಾತ್ರಿ ಕೂಗಿದ ಅಲಾರಾಂ ಮೂರನೆಯ ರಾತ್ರಿ ಚಾವಣಿಯ ಮೇಲಿರುವುದಿಲ್ಲ. ಕಾಯುತ್ತಾ ಕೂತಿರುವಾಗ ಇಡೀ ಸಾಧನ ಬಳಸುವ ವಿದ್ಯುತ್ತು ಆಂಪಿಯರಿನ ಹತ್ತು ಲಕ್ಷದ ಕೆಲವು ಭಾಗದಷ್ಟು. ಲಿಥಿಯಂ ಸೆಲ್ ಸುಮ್ಮನಿದ್ದರೆ ವರ್ಷಕ್ಕೆ ಶೇಕಡಾ ಒಂದರಷ್ಟು ಮಾತ್ರ ಸೋರುತ್ತದೆ. ಈ ಎರಡು ಸೇರಿಯೇ ಹತ್ತು ವರ್ಷದ ಭರವಸೆ ಹುಟ್ಟಿದ್ದು.

ಇಲ್ಲಿ ಒಂದು ಎಚ್ಚರಿಕೆ. ಪೆಟ್ಟಿಗೆಯ ಮೇಲೆ 'ಹತ್ತು ವರ್ಷದ ಬ್ಯಾಟರಿ' ಎಂದು ಬರೆದಿದ್ದರೆ ಸಾಲದು. ತೆಗೆದು ಹಾಕಬಹುದಾದ ಲಿಥಿಯಂ ಬ್ಯಾಟರಿ ಇರುವ ಅಲಾರಾಂಗಳೂ ಅದೇ ಮಾತನ್ನು ಹೇಳಿಕೊಂಡು ಮಾರಾಟವಾಗಿವೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ನೆರವಿನಿಂದ ಐದು ರಾಜ್ಯಗಳಲ್ಲಿ 1998ರಿಂದ 2001ರ ನಡುವೆ ಲಿಥಿಯಂ ಅಲಾರಾಂಗಳನ್ನು ಮನೆಮನೆಗೆ ಕೂರಿಸಿದ್ದರು. ಎಂಟರಿಂದ ಹತ್ತು ವರ್ಷದ ನಂತರ ತಿರುಗಿ ಹೋಗಿ ನೋಡಿದರು. ಇನ್ನೂ ಕೆಲಸ ಮಾಡುತ್ತಿದ್ದವು ಸುಮಾರು ಮೂರರಲ್ಲಿ ಒಂದು. ಉಳಿದವುಗಳಲ್ಲಿ ಕೆಲವು ಜಾಗದಲ್ಲೇ ಇರಲಿಲ್ಲ, ಕೆಲವು ಇದ್ದೂ ಇಲ್ಲದಂತಿದ್ದವು. ಹತ್ತು ವರ್ಷ ಬಾಳುವ ಬ್ಯಾಟರಿಯನ್ನು ಗೋಡೆ ಗಡಿಯಾರಕ್ಕೋ ಆಟಿಕೆಗೋ ಹಾಕಿಕೊಳ್ಳಲು ದಾರಿ ಇದ್ದರೆ ಯಾರಾದರೂ ಹಾಕಿಕೊಳ್ಳುತ್ತಾರೆ. ದಾರಿಯನ್ನೇ ಮುಚ್ಚಬೇಕು. ಕ್ಯಾಲಿಫೋರ್ನಿಯಾ ರಾಜ್ಯ 2014ರ ಜುಲೈ 1ರಿಂದ ಇದನ್ನು ಕಾನೂನು ಮಾಡಿತು. ಬ್ಯಾಟರಿಯಿಂದಲೇ ನಡೆಯುವ ಸ್ಮೋಕ್ ಅಲಾರಾಂ ಅಲ್ಲಿ ಮಾರಾಟವಾಗಬೇಕಾದರೆ ಅದರ ಬ್ಯಾಟರಿ ಹತ್ತು ವರ್ಷ ಬಾಳಬೇಕು, ತೆಗೆಯಲು ಬರಬಾರದು. ನ್ಯೂಯಾರ್ಕ್ 2019ರಲ್ಲಿ ಅದೇ ಮಾರ್ಗ ಹಿಡಿಯಿತು. ಮೇರಿಲ್ಯಾಂಡ್ ರಾಜ್ಯ ಇನ್ನೊಂದು ಹೆಜ್ಜೆ ಹೋಗಿ, ಸುಮ್ಮನಾಗಿಸುವ ಗುಂಡಿಯೂ ಕಡ್ಡಾಯ ಎಂದಿತು. ಅದು ನನಗೆ ಬಹಳ ವಿವೇಕದ ಮಾತಾಗಿ ಕಾಣುತ್ತದೆ.

ಎರಡನೆಯದು, ಹೊಗೆಯನ್ನು ಗುರುತಿಸುವ ಬಗೆ. ಇದರ ಹಿಂದೆ ಒಂದು ಕುತೂಹಲದ ಚರಿತ್ರೆಯಿದೆ. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಯೇಗರ್ ಎಂಬ ವಿಜ್ಞಾನಿ ವಿಷಾನಿಲ ಪತ್ತೆ ಮಾಡುವ ಯಂತ್ರ ಕಟ್ಟುತ್ತಿದ್ದರು. ಎಷ್ಟು ಅನಿಲ ಬಿಟ್ಟರೂ ಮುಳ್ಳು ಅಲುಗಲಿಲ್ಲ. ಬೇಸತ್ತು ಸಿಗರೇಟು ಹಚ್ಚಿದರಂತೆ. ಮುಳ್ಳು ಕೆಳಗಿಳಿಯಿತು. ಅಂದುಕೊಂಡದ್ದು ಕೈಗೂಡಲಿಲ್ಲ, ಆದರೆ ಹೊಗೆಗೆ ಸ್ಪಂದಿಸುವ ಅಯಾನೀಕರಣ ಸಾಧನದ ಸುಳಿವು ಸಿಕ್ಕಿತು. ಇಂದಿಗೂ ಅಂಥ ಅಲಾರಾಂಗಳಲ್ಲಿ ಅಮೆರಿಸಿಯಂ 241 ಎಂಬ ವಿಕಿರಣ ಧಾತುವಿನ ಅತಿ ಸಣ್ಣ ಕಣವೊಂದು ಇರುತ್ತದೆ. ಅದು ಗೂಡಿನೊಳಗಿನ ಗಾಳಿಯಲ್ಲಿ ಸಣ್ಣ ವಿದ್ಯುತ್ ಹರಿಯುವಂತೆ ಮಾಡುತ್ತದೆ. ಹೊಗೆಯ ಕಣ ನುಗ್ಗಿದರೆ ಆ ಹರಿವು ಕುಗ್ಗುತ್ತದೆ, ಗಂಟೆ ಕೂಗುತ್ತದೆ. ಮನೆಗೆ ಎಟುಕುವ ಬೆಲೆಯಲ್ಲಿ, ಬ್ಯಾಟರಿಯಲ್ಲಿ ನಡೆಯುವಂತೆ ಇದನ್ನು ತಂದವರು ಅಮೆರಿಕದ ಕೊಲರಾಡೊದ ಡ್ಯುಯೇನ್ ಪಿಯರ್ಸಾಲ್. 1965ರ ಸುಮಾರಿಗೆ ಶುರುವಾದ ಆ ಕೆಲಸ ಎಪ್ಪತ್ತರ ದಶಕದಲ್ಲಿ ಲಕ್ಷಾಂತರ ಮನೆಗಳನ್ನು ಮುಟ್ಟಿತು.

ಇನ್ನೊಂದು ಬಗೆ ಬೆಳಕಿನದು. ಕಪ್ಪು ಗೂಡಿನ ಒಂದು ಮೂಲೆಯಲ್ಲಿ ಸಣ್ಣ ಎಲ್‌ಇಡಿ, ಅದರ ನೇರ ಬೆಳಕು ಬೀಳದ ಇನ್ನೊಂದು ಮೂಲೆಯಲ್ಲಿ ಬೆಳಕಿನ ಸಂವೇದಕ. ಸಾಮಾನ್ಯವಾಗಿ ಅದಕ್ಕೆ ಕತ್ತಲೆಯೇ. ಬೆಳಗಿನ ಬಿಸಿಲು ಹೆಂಚಿನ ಸಂದಿಯಿಂದ ಕೋಣೆಗೆ ಬಿದ್ದಾಗ ಧೂಳಿನ ಕಣಗಳು ಹೊಳೆಯುವಂತೆ, ಹೊಗೆ ಒಳಗೆ ಬಂದಾಗ ಅದರ ಕಣಗಳು ಬೆಳಕನ್ನು ಚದುರಿಸುತ್ತವೆ. ಚದುರಿದ ಬೆಳಕು ಸಂವೇದಕಕ್ಕೆ ತಾಗುತ್ತದೆ. ಇದಕ್ಕೆ ಆಪ್ಟಿಕಲ್ ಅಥವಾ ಫೋಟೊಎಲೆಕ್ಟ್ರಿಕ್ ಅನ್ನುತ್ತಾರೆ.

ಎರಡರಲ್ಲಿ ಯಾವುದು ಮೇಲು ಎಂಬ ವಾದ ಇನ್ನೂ ನಿಂತಿಲ್ಲ. ಧಗ್ಗನೆ ಹೊತ್ತುವ ಜ್ವಾಲೆಗೆ ಅಯಾನೀಕರಣದ್ದು ಸ್ವಲ್ಪ ಬೇಗ ಕೂಗುತ್ತದೆ. ಹಾಸಿಗೆ, ಸೋಫಾಗಳು ಒಳಗೊಳಗೇ ಹೊಗೆಯಾಡುತ್ತಾ ನಿಧಾನವಾಗಿ ಉರಿಯುವಾಗ ಬೆಳಕಿನದು ಬಹಳ ಬೇಗ ಕೂಗುತ್ತದೆ, ಕೆಲವು ಪ್ರಯೋಗಗಳಲ್ಲಿ ಹತ್ತಾರು ನಿಮಿಷದಷ್ಟು ಮೊದಲು. ಮಲಗಿದವರನ್ನು ಕೊಲ್ಲುವುದು ಹೆಚ್ಚಾಗಿ ಈ ಎರಡನೆಯ ಬಗೆಯ ಹೊಗೆ. ಮನುಷ್ಯರ ಮನೆಯಲ್ಲಿ ಯಾವುದು ಉಳಿಯುತ್ತದೆ ಎಂಬ ಪ್ರಶ್ನೆಗೆ ಬಂದರೆ, ಉತ್ತರ ಒಂದೇ ದನಿಯಲ್ಲಿಲ್ಲ. ಆ ಲಂಡನ್ ವಸತಿಗಳಲ್ಲಿ ಅಯಾನೀಕರಣದವೇ ಹೆಚ್ಚು ಉಳಿದಿದ್ದವು. ಆದರೆ ಅಲಾಸ್ಕಾದ ವಾಯವ್ಯ ಮೂಲೆಯಲ್ಲಿ, ಇನುಪಿಯಾಟ್ ಜನರ ನಾಲ್ಕು ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ ಬೇರೆ ಚಿತ್ರ ಕೊಟ್ಟಿತು. ಅಲ್ಲಿನ ಮನೆಗಳು ಪುಟ್ಟವು, ಒಲೆಗೂ ಹಾಸಿಗೆಗೂ ಹೆಚ್ಚು ದೂರವಿಲ್ಲ. ಆರು ತಿಂಗಳಲ್ಲಿ ಅಯಾನೀಕರಣದ ಅಲಾರಾಂ ಇದ್ದ ಶೇಕಡಾ 92 ಮನೆಗಳಲ್ಲಿ ಅದು ಬೆಂಕಿಯಿಲ್ಲದೆ ಕೂಗಿತ್ತು. ಬೆಳಕಿನದು ಇದ್ದ ಮನೆಗಳಲ್ಲಿ ಶೇಕಡಾ 11 ಮಾತ್ರ. ಕೆಲಸ ಮಾಡುತ್ತಾ ಉಳಿದದ್ದು ಮೊದಲನೆಯದರಲ್ಲಿ ಶೇಕಡಾ 81, ಎರಡನೆಯದರಲ್ಲಿ 96. ಅಡುಗೆಯ ವಾಸನೆಗೂ ಆವಿಗೂ ಬೆಚ್ಚುವ ಸಾಧನವನ್ನು ಪುಟ್ಟ ಮನೆಗೆ ಕೊಡುವುದು ಆ ಮನೆಯವರ ಮೇಲೆ ಹೊರೆ ಹೊರಿಸಿದಂತೆ. ಬಡವರ ಮನೆಗಳು ಸಾಮಾನ್ಯವಾಗಿ ಪುಟ್ಟವೇ. ಆದ್ದರಿಂದ ಕಾರ್ಯಕ್ರಮಕ್ಕಾದರೆ ಬೆಳಕಿನ ಬಗೆಯನ್ನೇ ಕೊಳ್ಳಿ ಎನ್ನುತ್ತೇನೆ. ಅಮೆರಿಕನ್ ಮಾನದಂಡ ಯುಎಲ್ 217ರ ಎಂಟನೆಯ ಆವೃತ್ತಿ ಈ ದಿಕ್ಕಿನಲ್ಲಿ ಇಟ್ಟ ದೊಡ್ಡ ಹೆಜ್ಜೆ. ಪಾಲಿಯುರಿಥೇನ್ ಫೋಮ್ ಉರಿಯುವಾಗಲೂ ಹೊಗೆಯಾಡುವಾಗಲೂ ಕೂಗಬೇಕು, ಮಾಂಸ ಸುಡುವ ಹೊಗೆಗೆ ಕೂಗಬಾರದು ಎಂದು ಅದರಲ್ಲಿ ಪರೀಕ್ಷೆಗಳಿವೆ.

ಫೋಮಿನ ಮಾತು ಬಂದದ್ದರಿಂದ ಸಮಯದ ಮಾತನ್ನೂ ಹೇಳಬೇಕು. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಎಪ್ಪತ್ತರ ದಶಕದ ತನ್ನ ಪ್ರಯೋಗಗಳನ್ನು ಸುಮಾರು ಮೂರು ದಶಕಗಳ ನಂತರ ಮತ್ತೆ ಮಾಡಿತು. ಹಿಂದೆ ಅಲಾರಾಂ ಕೂಗಿದ ಮೇಲೆ ತಪ್ಪಿಸಿಕೊಳ್ಳಲು ಸುಮಾರು 17 ನಿಮಿಷ ಸಿಗುತ್ತಿತ್ತು. ಈಗ ಸಿಗುವುದು ಸುಮಾರು ಮೂರು ನಿಮಿಷ. ಹತ್ತಿಯ ಹಾಸಿಗೆ, ಮರದ ಕುರ್ಚಿಗಳ ಜಾಗದಲ್ಲಿ ಫೋಮು, ನೈಲಾನು, ಪ್ಲಾಸ್ಟಿಕ್ ಬಂದಿವೆ. ಇವು ಬೇಗ ಹೊತ್ತುತ್ತವೆ, ವಿಷದ ಹೊಗೆ ಕಾರುತ್ತವೆ. ನಿದ್ದೆಯಲ್ಲಿರುವವರನ್ನು ಮೂಗು ಎಬ್ಬಿಸುತ್ತದೆ ಎಂದು ನಂಬಿ ಕೂರುವಂತಿಲ್ಲ. ಕಿವಿಯೊಂದೇ ದಾರಿ.

ಕಿವಿಯೂ ಎಲ್ಲರಿಗೂ ಒಂದೇ ಅಲ್ಲ. ಅಲಾರಾಂಗಳ ಸದ್ದು ಮೂರು ಮೀಟರ್ ದೂರದಲ್ಲಿ 85 ಡೆಸಿಬಲ್ ಇರಬೇಕೆಂಬುದು ನಿಯಮ. ಸಾಮಾನ್ಯ ಅಲಾರಾಂ ಸುಮಾರು 3,100 ಹರ್ಟ್ಸ್‌ನ ಚೂಪು ಸ್ವರದಲ್ಲಿ ಕೂಗುತ್ತದೆ. ವಯಸ್ಸಾದಾಗ ಮೊದಲು ಮಂಕಾಗುವುದು ಇಂಥ ಚೂಪು ಸ್ವರದ ಕೇಳುವಿಕೆಯೇ. ಮಕ್ಕಳಂತೂ ಗಾಢ ನಿದ್ದೆಯಲ್ಲಿ ಅದನ್ನು ಕೇಳಿಸಿಕೊಳ್ಳದೆಯೇ ಮಲಗಿರುತ್ತಾರೆ. ಮೆಲ್ಬರ್ನ್‌ನ ವಿಕ್ಟೋರಿಯಾ ವಿಶ್ವವಿದ್ಯಾಲಯದ ಡೊರೊತಿ ಬ್ರಕ್ ಅವರ ಅಧ್ಯಯನಗಳು ಇದನ್ನು ಸ್ಪಷ್ಟವಾಗಿ ತೋರಿಸಿದವು. 520 ಹರ್ಟ್ಸ್‌ನ ತಗ್ಗು, ದಪ್ಪ ಸ್ವರ ಮಕ್ಕಳನ್ನೂ ಕಿವಿ ಮಂದವಾದವರನ್ನೂ ಹೆಚ್ಚು ಚೆನ್ನಾಗಿ ಎಬ್ಬಿಸುತ್ತದೆ. ತಗ್ಗು ಸ್ವರದ ಅಲಾರಾಂಗೆ ವಿದ್ಯುತ್ತೂ ಹೆಚ್ಚು ಬೇಕು, ಬೆಲೆಯೂ ಹೆಚ್ಚು. ಎಲ್ಲ ಮನೆಗೂ ಕೊಡಲಾಗದಿದ್ದರೆ, ವೃದ್ಧರಿರುವ ಮನೆಗಳನ್ನು ಗುರುತಿಸಿ ಅಲ್ಲಿಗಾದರೂ ಕೊಡಬೇಕು. ಪೂರ್ತಿ ಕಿವುಡರಿಗೆ ಮಿಂಚುವ ದೀಪ, ದಿಂಬಿನಡಿ ನಡುಗುವ ಸಾಧನ ಇವೆ. ಕಾರ್ಯಕ್ರಮದ ಪಟ್ಟಿಯಲ್ಲಿ ಅವಕ್ಕೂ ಹಣ ಇರಬೇಕು.

ಮಹಡಿ ಮನೆಗಳಲ್ಲಿ ಇನ್ನೊಂದು ತೊಡಕು. ಕೆಳಗಿನ ಹಜಾರದಲ್ಲಿ ಕೂಗಿದ್ದು ಮೇಲೆ, ಬಾಗಿಲು ಹಾಕಿ ಮಲಗಿದವರಿಗೆ ಕೇಳಿಸಬೇಕಲ್ಲ. ಅದಕ್ಕೆ ಒಂದು ಕೂಗಿದರೆ ಎಲ್ಲವೂ ಕೂಗುವಂತೆ ರೇಡಿಯೋ ತರಂಗದಿಂದ ಜೋಡಿಸಿದ ಅಲಾರಾಂಗಳಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಸ್ಲ್ಯಾಕ್ಸ್ ಕ್ರೀಕ್‌ನಲ್ಲಿ 2011ರ ಆಗಸ್ಟ್‌ನ ಒಂದು ರಾತ್ರಿ ಮನೆಯೊಂದಕ್ಕೆ ಬೆಂಕಿ ಬಿದ್ದು 11 ಜನ ತೀರಿಕೊಂಡರು. ಆ ದುಃಖದ ವಿಚಾರಣೆಯಿಂದ ಹುಟ್ಟಿದ ಕಾನೂನು 2017ರ ಜನವರಿ 1ರಂದು ಜಾರಿಗೆ ಬಂತು. ಬೆಳಕಿನ ಬಗೆಯ ಅಲಾರಾಂಗಳೇ ಆಗಬೇಕು, ಪ್ರತಿ ಮಲಗುವ ಕೋಣೆಯಲ್ಲೂ ಇರಬೇಕು, ಒಂದಕ್ಕೊಂದು ಜೋಡಿಸಿರಬೇಕು. ಬಾಡಿಗೆ ಮನೆಗಳಿಗೆ 2022ರ ಜನವರಿಯ ಗಡುವು ಇತ್ತು, ಉಳಿದ ಎಲ್ಲ ಮನೆಗಳಿಗೆ 2027ರ ಜನವರಿ 1. ಬ್ರಿಸ್ಬೇನ್‌ನಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ. ಸ್ಕಾಟ್ಲೆಂಡ್ 2022ರ ಫೆಬ್ರವರಿಯಿಂದ ಎಲ್ಲ ಮನೆಗಳಲ್ಲೂ ಜೋಡಿಸಿದ ಅಲಾರಾಂ ಕಡ್ಡಾಯ ಮಾಡಿತು. ಅಡುಗೆಮನೆಗೆ ಮಾತ್ರ ಹೊಗೆಯದಲ್ಲ, ಶಾಖದ ಅಲಾರಾಂ.

ಅಡುಗೆಮನೆಯ ವಿಷಯ ನಮ್ಮವರಿಗೆ ಹತ್ತಿರದ್ದು. ಹೊರದೇಶದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಬಾಣಂತನಕ್ಕೆಂದು, ಮೊಮ್ಮಕ್ಕಳನ್ನು ನೋಡಲೆಂದು ಆರು ತಿಂಗಳು ಹೋಗಿ ಬಂದ ತಾಯಂದಿರು ಈ ಮಾತು ಕೇಳುತ್ತಿರಬಹುದು. ಒಣಮೆಣಸಿನಕಾಯಿ ಒಗ್ಗರಣೆಗೆ ಬಿದ್ದ ಕೂಡಲೇ ಚಾವಣಿ ಚೀರಿಕೊಳ್ಳುವುದು, ಮನೆಯವರೆಲ್ಲ ಟವೆಲ್ ಬೀಸುತ್ತಾ ಓಡಾಡುವುದು, ಇದು ಅಲ್ಲಿನ ಎಷ್ಟೋ ಕನ್ನಡ ಮನೆಗಳಲ್ಲಿ ನಡೆದದ್ದೇ. ಗೃಹಪ್ರವೇಶದ ಹೋಮಕ್ಕೆ, ಸಾಂಬ್ರಾಣಿ ಹೊಗೆಗೆ, ಶುಕ್ರವಾರದ ಊದುಬತ್ತಿಗೆ ಅಲಾರಾಂ ಕೂಗೀತೆಂದು ಅದಕ್ಕೆ ಪ್ಲಾಸ್ಟಿಕ್ ಟೋಪಿ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದನ್ನು ನೋಡಿದ್ದೇನೆ. ಹೋಮ ಮುಗಿದು ನೆಂಟರು ಊಟ ಮಾಡಿ ಹೋದ ಮೇಲೆ ಆ ಟೋಪಿ ತೆಗೆಯುವ ನೆನಪು ಯಾರಿಗೂ ಆಗುವುದಿಲ್ಲ. ಇಂಥ ದಿನ ಅಲಾರಾಂ ಮುಚ್ಚಲೇಬೇಕಾದರೆ ಬೆಂಕಿ ಆರುವವರೆಗೂ ಒಬ್ಬರು ಪಕ್ಕದಲ್ಲೇ ಇರಲಿ, ಆರಿದ ಕೂಡಲೇ ಅವರೇ ತೆಗೆಯಲಿ. ದಿನನಿತ್ಯದ ಅಡುಗೆಗಾದರೆ ಪರಿಹಾರ ಸುಲಭ. ಅಲಾರಾಂ ಒಲೆಯಿಂದ ಕನಿಷ್ಠ ಮೂರು ಮೀಟರ್ ದೂರವಿರಲಿ. ಒಲೆ ಹಚ್ಚುವ ಮೊದಲೇ ಹೊಗೆ ಎಳೆಯುವ ಫ್ಯಾನ್ ಹಾಕಲಿ. ಅಲಾರಾಂ ಬೆಳಕಿನ ಬಗೆಯದಿರಲಿ, ಸುಮ್ಮನಾಗಿಸುವ ಗುಂಡಿ ಇರಲಿ. ಆ ಗುಂಡಿ ಒತ್ತಿದರೆ ಕೆಲವು ನಿಮಿಷ ಸುಮ್ಮನಿದ್ದು ತಾನೇ ಮತ್ತೆ ಎಚ್ಚರಗೊಳ್ಳುತ್ತದೆ. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಮೊದಲ ದಿನವೇ ಪರೀಕ್ಷಾ ಗುಂಡಿ ಒತ್ತಿ ಆ ಸದ್ದು ಕೇಳಿಸಿ, ಇದು ಕೂಗಿದರೆ ಯಾವ ಬಾಗಿಲಿನಿಂದ ಹೊರಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ಕನ್ನಡದಲ್ಲೇ ಹೇಳಿಕೊಡಬೇಕು. ಮನೆಯಲ್ಲಿ ಹಗಲೆಲ್ಲ ಒಂಟಿಯಾಗಿರುವವರು ಅವರೇ.

ಮತ್ತೆ ಕೊಳ್ಳುವವರ ಕಡೆಗೆ ಬರುತ್ತೇನೆ. ದೊಡ್ಡ ಸಂಖ್ಯೆಯಲ್ಲಿ ಕೊಳ್ಳುವ ಸಂಸ್ಥೆ ನಂಬಿಕೆಯ ಮೇಲೆ ಬಿಡಬಾರದ ಕೆಲವು ಸಂಗತಿಗಳಿವೆ. ಮಾನದಂಡದ ಗುರುತು ಬೇಕು. ಅಮೆರಿಕಕ್ಕೆ ಯುಎಲ್ 217, ಯುರೋಪಿಗೆ ಇಎನ್ 14604, ಆಸ್ಟ್ರೇಲಿಯಾಕ್ಕೆ ಎಎಸ್ 3786. ಗುರುತಿದ್ದರೂ ಮೈಮರೆಯಬಾರದು. 2018ರಲ್ಲಿ ಅಮೆರಿಕದಲ್ಲಿ ಒಂದು ಹೆಸರಾಂತ ಕಂಪನಿ ಸುಮಾರು ನಾಲ್ಕೂವರೆ ಲಕ್ಷ ಅಲಾರಾಂಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ಕಾರ್ಖಾನೆಯಲ್ಲಿ ಜೋಡಿಸುವಾಗ ಹಾಕಿದ್ದ ಹಳದಿ ಮುಚ್ಚಳ ಕೆಲವುಗಳಲ್ಲಿ ಹಾಗೆಯೇ ಉಳಿದು, ಹೊಗೆಯ ಗೂಡನ್ನು ಮುಚ್ಚಿಬಿಟ್ಟಿತ್ತು. ಹಾಗಾಗಿ ಪ್ರತಿ ಕಂತಿನಿಂದ ಕೆಲವನ್ನು ತೆಗೆದು ನಿಜವಾದ ಹೊಗೆ ತೋರಿಸಿಯೋ, ಅದಕ್ಕೆಂದೇ ಸಿಗುವ ಸ್ಪ್ರೇ ಬಳಸಿಯೋ ಪರೀಕ್ಷಿಸಬೇಕು. ಗುಂಡಿ ಒತ್ತಿದಾಗ ಕೂಗಿತು ಎಂದರೆ ಬ್ಯಾಟರಿ, ಸರ್ಕ್ಯೂಟು, ಗಂಟೆ ಸರಿಯಿದೆ ಎಂದು ಅರ್ಥ, ಹೊಗೆಯ ದಾರಿ ತೆರೆದಿದೆ ಎಂದಲ್ಲ. ಸರಣಿ ಸಂಖ್ಯೆಗಳನ್ನು ಯಾವ ಮನೆಗೆ ಯಾವುದು ಹೋಯಿತೆಂದು ಬರೆದಿಟ್ಟಿರಬೇಕು. ನಾಳೆ ಯಾವುದಾದರೂ ಕಂತು ವಾಪಸಾದರೆ ಆ ಪುಸ್ತಕವಿಲ್ಲದೆ ಸಾವಿರ ಬಾಗಿಲಲ್ಲಿ ಯಾವುದನ್ನು ತಟ್ಟುವುದು?

ತಯಾರಾದ ದಿನಾಂಕವನ್ನೂ ಕೇಳಿ. ಹತ್ತು ವರ್ಷದ ಎಣಿಕೆ ಶುರುವಾಗುವುದು ಕೂರಿಸಿದ ದಿನದಿಂದಲ್ಲ, ತಯಾರಾದ ದಿನದಿಂದ. ಅದು ಬರೀ ಬ್ಯಾಟರಿಯ ವಯಸ್ಸೂ ಅಲ್ಲ. ಧೂಳು, ತೇವ, ಅಡುಗೆಯ ಜಿಡ್ಡು ಸೇರಿ ಸಂವೇದಕವೂ ಮಂಕಾಗುತ್ತದೆ. ಅದಕ್ಕೇ ಅಮೆರಿಕದ ನಿಯಮ ವಿದ್ಯುತ್ ತಂತಿಗೆ ಜೋಡಿಸಿದ ಅಲಾರಾಂಗಳನ್ನೂ ಹತ್ತು ವರ್ಷಕ್ಕೆ ಬದಲಿಸಿ ಎನ್ನುತ್ತದೆ. ಎರಡು ವರ್ಷ ಗೋದಾಮಿನಲ್ಲಿ ಕೂತ ಮಾಲು ಅಗ್ಗವಾಗಿ ಸಿಕ್ಕಿತೆಂದು ಕೊಂಡರೆ ಬಡವರ ಮನೆಗೆ ಎಂಟು ವರ್ಷದ ಅಲಾರಾಂ ಕೊಟ್ಟಂತೆ.

ಕೂರಿಸುವ ಕೆಲಸವನ್ನು ಮನೆಯವರಿಗೆ ಬಿಡಬಾರದು, ಲಂಡನ್ನಿನ ಮೊದಲ ಪ್ರಯೋಗ ಇದನ್ನು ಬೆಲೆ ತೆತ್ತು ಕಲಿಸಿದೆ. ಅಮೆರಿಕದ ರೆಡ್‌ಕ್ರಾಸ್ 2014ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಮನೆ ಬೆಂಕಿ ಅಭಿಯಾನ ಈ ಪಾಠವನ್ನು ಪಾಲಿಸಿತು. ಸ್ವಯಂಸೇವಕರು ಏಣಿ, ಡ್ರಿಲ್ಲು ಹಿಡಿದು ತಾವೇ ಹೋಗುತ್ತಾರೆ, ಕೂರಿಸುತ್ತಾರೆ, ಮನೆಯವರ ಜೊತೆ ಕೂತು ಎರಡು ನಿಮಿಷದಲ್ಲಿ ಹೊರಗೆ ಬರುವ ದಾರಿ ಗೊತ್ತುಮಾಡುತ್ತಾರೆ. ಹೀಗೆ 20 ಲಕ್ಷಕ್ಕೂ ಹೆಚ್ಚು ಅಲಾರಾಂಗಳು ಚಾವಣಿ ಸೇರಿವೆ.

ನಮ್ಮ ರಾಜ್ಯದಲ್ಲಿ ಸ್ವಂತ ಮನೆಗಳಿಗೆ ಸ್ಮೋಕ್ ಅಲಾರಾಂ ಹಾಕಿಸುವ ರೂಢಿ ಇನ್ನೂ ಬೆಳೆದಿಲ್ಲ. ಆದರೆ ಬೆಂಗಳೂರಿನ ಫ್ಲ್ಯಾಟುಗಳ ಒಳಗೂ ಅದೇ ಫೋಮಿನ ಸೋಫಾ, ಅದೇ ಪ್ಲಾಸ್ಟಿಕ್ ಪರದೆ, ಜೊತೆಗೆ ಕಿಟಕಿ ಬಾಲ್ಕನಿಗಳಿಗೆ ಕಬ್ಬಿಣದ ಸರಳು. ಯಾವುದಾದರೂ ನಿವಾಸಿಗಳ ಸಂಘವೋ ರೋಟರಿ, ಲಯನ್ಸ್‌ನಂಥ ಸಂಸ್ಥೆಯೋ ಇಂಥ ಕಾರ್ಯಕ್ರಮ ಶುರು ಮಾಡುವ ದಿನ ಬಂದರೆ, ಅವರು ಮೊದಲ ಸಭೆಯಲ್ಲೇ ಎರಡು ಬಾರಿ ತಿರುಗಿ ಹೋಗುವ ಹಣವನ್ನು ತೆಗೆದಿಡಲಿ. ಒಮ್ಮೆ ವರ್ಷ ತುಂಬುವ ಮೊದಲು, ಎಷ್ಟು ಇವೆ, ಎಷ್ಟು ಕಿತ್ತಿವೆ, ಏಕೆ ಕಿತ್ತರು ಎಂದು ಕೇಳಿ ಬರೆದುಕೊಳ್ಳಲು. ಇನ್ನೊಮ್ಮೆ ಒಂಬತ್ತನೆಯ ವರ್ಷ, ಹೊಸದನ್ನು ಕೂರಿಸಿ ಹಳೆಯದನ್ನು ವಾಪಸು ತರಲು. ಮುಚ್ಚಿದ ಲಿಥಿಯಂ ಸೆಲ್ ಇರುವುದರಿಂದ ಹಳೆಯದನ್ನು ಕಸದ ಬೆಂಕಿಗೆ ಹಾಕುವಂತಿಲ್ಲ. ತಯಾರಕರು ಹೇಳಿದ ರೀತಿಯಲ್ಲಿ ನಿಷ್ಕ್ರಿಯಗೊಳಿಸಿ, ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಬೇಕು.

ಹೊಸದನ್ನು ಕೂರಿಸುವ ಮೊದಲು ಅದರ ಬದಿಯ ಅಂಚಿನ ಮೇಲೆ, ನೆಲದ ಮೇಲೆ ನಿಂತವರಿಗೂ ಓದಲು ಬರುವಂತೆ, ಬದಲಿಸಬೇಕಾದ ತಿಂಗಳು ಮತ್ತು ವರ್ಷವನ್ನು ಮಾರ್ಕರ್ ಪೆನ್ನಿನಿಂದ ದಪ್ಪವಾಗಿ ಬರೆಯಿರಿ. ಈಗಾಗಲೇ ಅಲಾರಾಂ ಇರುವ ಮನೆಯವರು, ಅಥವಾ ಹೊರದೇಶದಲ್ಲಿ ಮಕ್ಕಳಿರುವವರು, ಈ ವಾರ ಫೋನಿನಲ್ಲಿ ಮಾತಾಡುವಾಗ ಅದನ್ನು ಇಳಿಸಿ ಹಿಂಬದಿಯ ದಿನಾಂಕ ಓದಿ ಹೇಳಲು ಕೇಳಿ. ಹತ್ತು ವರ್ಷ ದಾಟಿದ್ದರೆ, ಗುಂಡಿ ಒತ್ತಿದಾಗ ಕೂಗಿದರೂ ಬದಲಿಸಲು ಹೇಳಿ.